ತಾಳಮದ್ದಳೆ ಭವನದ ಅಳತೆ: ಆಕ್ಟೇವ್ ನಕ್ಷೆ ಒಂದು ಹೇಳುತ್ತದೆ, 1/3 ಆಕ್ಟೇವ್ ನಕ್ಷೆ ಇನ್ನೊಂದು. ಯಾವುದನ್ನು ನಂಬುವುದು?

ಸಭಾಭವನ_ಕಾರ್ಯದರ್ಶಿ

ಮಳೆಗಾಲ ಬಂತೆಂದರೆ ನಮ್ಮ ಊರಿನ ಸಭಾಭವನದಲ್ಲಿ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ಕೂಟಗಳು ಶುರುವಾಗುತ್ತವೆ. ಊರು ಪುತ್ತೂರಿನ ಹತ್ತಿರ. ಅರ್ಥಧಾರಿಗಳು, ಅಂದರೆ ಪಾತ್ರಗಳ ಮಾತು ಆಡುವವರು, ಮಾತನಾಡಿದರೆ ನಾಲ್ಕನೇ ಸಾಲಿನಿಂದ ಹಿಂದೆ ಕುಳಿತವರಿಗೆ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ವಾದ ಪ್ರತಿವಾದವೇ ಜೀವಾಳವಾದ ಕಲೆಯಲ್ಲಿ ಮಾತೇ ತಿಳಿಯದಿದ್ದರೆ ಜನ ಎಷ್ಟು ಹೊತ್ತು ಕೂರುತ್ತಾರೆ?

ಭವನ 24 ಮೀಟರ್ ಉದ್ದ, 12 ಅಗಲ, 6 ಎತ್ತರ. ಗಾರೆ ಮಾಡಿದ ಕೆಂಪುಕಲ್ಲಿನ ಗೋಡೆ, ಟೈಲ್ಸ್ ನೆಲ, ಮೇಲೆ ಆರ್‌ಸಿಸಿ, ಪ್ಲಾಸ್ಟಿಕ್ ಕುರ್ಚಿ. ಗೋಡೆಗೆ ಒಂದು ಇಂಚು ದಪ್ಪದ ಫೋಮ್ ಅಂಟಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಸಮಿತಿಯಲ್ಲಿ ಮಾತು ಬಂದಿದೆ. ಸುಮಾರು 150 ಚದರ ಮೀಟರ್ ಬೇಕಂತೆ. ಸಂಘದ ಹಣ, ಸದಸ್ಯರು ಕೊಟ್ಟ ದೇಣಿಗೆ. ಅಳೆಯದೆ ಖರ್ಚು ಮಾಡಲು ನನಗೆ ಮನಸ್ಸಿಲ್ಲ. ಹಾಗಾಗಿ ಮೊಬೈಲ್ ಆ್ಯಪ್‌ನಲ್ಲಿ ಪಿಂಕ್ ನಾಯ್ಸ್ (ಎಲ್ಲ ಆವೃತ್ತಿಗಳೂ ಬೆರೆತ ಪರೀಕ್ಷಾ ಸದ್ದು) ಅಳೆದೆ, ಬಲೂನ್ ಒಡೆದು ಅನುರಣನ (ಸದ್ದು ನಿಂತ ಮೇಲೂ ಅದರ ಬಾಲ ಕೋಣೆಯಲ್ಲಿ ಉಳಿಯುವ ಸಮಯ) ಅಳೆದೆ. ಈಗ ಮೂರು ಗೊಂದಲ.

ಆ್ಯಪ್ ಸದ್ದನ್ನು ಆವೃತ್ತಿಯ ಪಟ್ಟಿಗಳಾಗಿ ಹಂಚಿ, ಪ್ರತಿ ಪಟ್ಟಿಯ ಮಟ್ಟವನ್ನು ಒಂದು ಕಂಬವಾಗಿ ತೋರಿಸುತ್ತದೆ. ಒಂದೇ ದಾಖಲೆಯಿಂದ ತೆಗೆದ ಆಕ್ಟೇವ್ ನಕ್ಷೆಯಲ್ಲಿ 500 ಹರ್ಟ್ಜ್‌ನ ಕಂಬ 73.5 ಡೆಸಿಬೆಲ್. 1/3 ಆಕ್ಟೇವ್ ನಕ್ಷೆಯಲ್ಲಿ ಅದೇ 500ರ ಕಂಬ 69.5. ನಾಲ್ಕು ಡೆಸಿಬೆಲ್ ಎಲ್ಲಿ ಹೋಯಿತು? ಎರಡನೆಯದು, 1/3 ನಕ್ಷೆಯಲ್ಲಿ 40 ಹರ್ಟ್ಜ್‌ನ ಜಾಗ ಯಾವಾಗಲೂ ಖಾಲಿ. ಮೂರನೆಯದು ಅನುರಣನ: 125ರಲ್ಲಿ 2.9 ಸೆಕೆಂಡು, 250ರಲ್ಲಿ 2.7, 500ರಲ್ಲಿ 2.4, 1000ದಲ್ಲಿ 2.1, 2000ದಲ್ಲಿ 1.7, 4000ದಲ್ಲಿ 1.2. ಇವು ಪ್ರತಿ ಬಾರಿಯೂ ಹೆಚ್ಚು ಕಡಿಮೆ ಹೀಗೆಯೇ ಬರುತ್ತವೆ. 63ರಲ್ಲಿ ಮಾತ್ರ ಒಮ್ಮೆ 1 ಸೆಕೆಂಡು, ಇನ್ನೊಮ್ಮೆ 6.

ಸಮಿತಿಯ ಮುಂದೆ ಯಾವ ನಕ್ಷೆ ಇಡಲಿ?

ಹಾರ್ಮೋನಿಯಂ_ಹುಬ್ಬಳ್ಳಿ

1/3 ಇಡಿ. ಕಂಬಗಳು ಹೆಚ್ಚಿದಷ್ಟೂ ನಿಖರತೆ ಹೆಚ್ಚು.

ಮೈಸೂರು_ಮೇಷ್ಟ್ರು

ಕಂಬ ಹೆಚ್ಚಿದರೆ ನಿಖರತೆ ಹೆಚ್ಚುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾಲ್ಕು ಡೆಸಿಬೆಲ್‌ನ ವಿಷಯ.

ಕಾರ್ಯದರ್ಶಿಗಳೇ, ಎರಡೂ ನಕ್ಷೆ ಸರಿ. ಮಧ್ಯ ಸ್ಥಾಯಿಯ ಷಡ್ಜದಿಂದ ತಾರ ಷಡ್ಜಕ್ಕೆ ಆವೃತ್ತಿ ಇಮ್ಮಡಿಯಾಗುತ್ತದಲ್ಲ, ಆ ಇಮ್ಮಡಿಯ ಅಂತರವೇ ಆಕ್ಟೇವ್. 500ರ ಆಕ್ಟೇವ್ ಪಟ್ಟಿ ಎಂದರೆ 355ರಿಂದ 708 ಹರ್ಟ್ಜ್‌ವರೆಗಿನ ಎಲ್ಲ ಶಕ್ತಿಯ ಮೊತ್ತ. ಅದೇ ಹರವನ್ನು 1/3 ನಕ್ಷೆಯಲ್ಲಿ 400, 500, 630 ಎಂಬ ಮೂರು ಕಂಬಗಳು ಹಂಚಿಕೊಳ್ಳುತ್ತವೆ. ಅಗಲವಾದ ಜರಡಿಗೆ ಹೆಚ್ಚು ಕಾಳು ಬೀಳುತ್ತದೆ, ಅಷ್ಟೇ. ನಿಮ್ಮ 400 ಮತ್ತು 630ರ ಕಂಬಗಳಲ್ಲಿ ಎಷ್ಟಿದೆ ಎಂದು ಹೇಳಿ, ಲೆಕ್ಕ ಮಾಡಿ ತೋರಿಸುತ್ತೇನೆ.

ಸಭಾಭವನ_ಕಾರ್ಯದರ್ಶಿ

400ರಲ್ಲಿ 68.0, 630ರಲ್ಲಿ 68.5.

ಮೈಸೂರು_ಮೇಷ್ಟ್ರು

ಡೆಸಿಬೆಲ್‌ಗಳನ್ನು ನೇರವಾಗಿ ಕೂಡಿಸುವಂತಿಲ್ಲ. ಹತ್ತರಿಂದ ಭಾಗಿಸಿ, ಹತ್ತರ ಘಾತಕ್ಕೆ ಏರಿಸಿ, ಕೂಡಿಸಿ, ಮತ್ತೆ ಲಾಗ್ ತೆಗೆದು ಹತ್ತರಿಂದ ಗುಣಿಸಬೇಕು. 68.0 ಎಂದರೆ 63.1 ಲಕ್ಷ, 69.5 ಎಂದರೆ 89.1 ಲಕ್ಷ, 68.5 ಎಂದರೆ 70.8 ಲಕ್ಷ. ಮೊತ್ತ 223 ಲಕ್ಷ. ಅದರ ಲಾಗ್ ತೆಗೆದು ಹತ್ತರಿಂದ ಗುಣಿಸಿದರೆ 73.5. ನಿಮ್ಮ ಆಕ್ಟೇವ್ ಕಂಬ ಅದೇ ತಾನೆ?

ಆದ್ದರಿಂದ ಯಾರಾದರೂ ‘500 ಹರ್ಟ್ಜ್‌ನಲ್ಲಿ 70 ಡೆಸಿಬೆಲ್’ ಎಂದರೆ ಮೊದಲು ಕೇಳಬೇಕಾದ ಪ್ರಶ್ನೆ: ಎಷ್ಟು ಅಗಲದ ಪಟ್ಟಿಯಲ್ಲಿ? ಅಗಲ ಹೇಳದ ಸಂಖ್ಯೆಗೆ ಅರ್ಥವಿಲ್ಲ.

ಬೈಟ್‌ಬಳ್ಳಿ

40 ಹರ್ಟ್ಜ್‌ನ ಖಾಲಿ ಜಾಗದ ಕಾರಣ ನನಗೆ ಗೊತ್ತು, ಇಂಥ ಆ್ಯಪ್‌ಗಳ ಒಳಭಾಗ ನೋಡಿದ್ದೇನೆ. ಸೆಟ್ಟಿಂಗ್ಸ್‌ನಲ್ಲಿ ಎಫ್‌ಎಫ್‌ಟಿ ಗಾತ್ರ (ಸದ್ದನ್ನು ಆವೃತ್ತಿಗಳಾಗಿ ಬಿಡಿಸಲು ಒಮ್ಮೆಗೆ ತೆಗೆದುಕೊಳ್ಳುವ ಮಾದರಿಗಳ ಸಂಖ್ಯೆ) ಎಷ್ಟಿದೆ ನೋಡಿ. 4096 ಇರಬೇಕು, ಮಾದರಿ ದರ ಸೆಕೆಂಡಿಗೆ 48000.

ಸಭಾಭವನ_ಕಾರ್ಯದರ್ಶಿ

ಹೌದು, 4096, 48000. ನೋಡದೆಯೇ ಹೇಗೆ ಹೇಳಿದಿರಿ?

ಬೈಟ್‌ಬಳ್ಳಿ

ಭಾಗಾಕಾರ ಮಾಡಿ: 48000ವನ್ನು 4096ರಿಂದ ಭಾಗಿಸಿದರೆ 11.7. ಅಂದರೆ ನಿಮ್ಮ ಆ್ಯಪ್ 11.7, 23.4, 35.2, 46.9 ಹೀಗೆ ಸಮಾನ ಅಂತರದ ಗೆರೆಗಳಲ್ಲಿ ಮಾತ್ರ ಶಕ್ತಿಯನ್ನು ಅಳೆಯುತ್ತದೆ. 40 ಹರ್ಟ್ಜ್‌ನ 1/3 ಪಟ್ಟಿ 35.5ರಿಂದ 44.7ರವರೆಗೆ. ಆ ಹರವಿನೊಳಗೆ ಒಂದು ಗೆರೆಯೂ ಬೀಳುವುದಿಲ್ಲ. 35.2 ಕೂದಲೆಳೆಯಲ್ಲಿ 31.5ರ ಪಟ್ಟಿಗೆ ಹೋಯಿತು, 46.9 ಮೇಲಿನ 50ರ ಪಟ್ಟಿಗೆ ಹೋಯಿತು. ಭವನದಲ್ಲಿ 40 ಹರ್ಟ್ಜ್ ಸದ್ದು ಇಲ್ಲವೆಂದಲ್ಲ, ಅದನ್ನು ಹಾಕಲು ಆ್ಯಪ್ ಬಳಿ ಡಬ್ಬಿ ಇಲ್ಲ.

ಮೇಲಿನ ಕಡೆ ಇದೇ ಕ್ರಮದಲ್ಲಿ 4000ದ ಪಟ್ಟಿಯೊಳಗೆ ಎಂಬತ್ತರಷ್ಟು ಗೆರೆಗಳು ಬೀಳುತ್ತವೆ. ಎಫ್‌ಎಫ್‌ಟಿ ಗೆರೆಗಳ ಅಂತರ ಸಮಾನ, ಆಕ್ಟೇವ್ ಪಟ್ಟಿಗಳ ಅಗಲ ಮೇಲೆ ಹೋದಂತೆ ಹಿಗ್ಗುತ್ತದೆ. ಗೆರೆಗಳನ್ನು ಪಟ್ಟಿಗಳಿಗೆ ತುಂಬುವ ಕೆಲಸ ಕೆಳಗಿನ ಕಡೆ ಮುಗ್ಗರಿಸುವುದು ಅದಕ್ಕೇ. ಗಾತ್ರವನ್ನು 65536ಕ್ಕೆ ಏರಿಸಿ, ಗೆರೆಗಳ ಅಂತರ 0.73 ಹರ್ಟ್ಜ್ ಆಗುತ್ತದೆ. ಒಂದೊಂದು ತುಣುಕಿಗೆ 1.37 ಸೆಕೆಂಡಿನ ಧ್ವನಿ ಬೇಕಾಗುತ್ತದೆ, ಸ್ಥಿರವಾದ ಪಿಂಕ್ ನಾಯ್ಸ್‌ಗೆ ಅದರಿಂದ ತೊಂದರೆಯಿಲ್ಲ. ಅನುರಣನಕ್ಕೆ ಮಾತ್ರ ಈ ದಾರಿ ಬೇಡ. ಅಲ್ಲಿ ನಿಜವಾದ ಆಕ್ಟೇವ್ ಫಿಲ್ಟರ್ ಮೂಲಕ ಸೋಸಿ ಇಳಿತ ನೋಡುವ ತಂತ್ರಾಂಶ ಬೇಕು. ರೂಮ್ ಇಕ್ಯೂ ವಿಝಾರ್ಡ್ ಉಚಿತವಾಗಿ ಸಿಗುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ.

ಹಾರ್ಮೋನಿಯಂ_ಹುಬ್ಬಳ್ಳಿ

ಹಾಗಾದರೆ 1/3 ಬೇಡವೇ? ದೊಡ್ಡ ದೊಡ್ಡ ಸಂಸ್ಥೆಗಳ ವರದಿಗಳೆಲ್ಲ 1/3ರಲ್ಲೇ ಇರುತ್ತವೆ.

ಮೈಸೂರು_ಮೇಷ್ಟ್ರು

ಬೇಡವೆಂದಲ್ಲ, ಅದಕ್ಕೆ ತಕ್ಕ ಸಮಯ ಕೊಡಬೇಕು. ನಾಯ್ಸ್ ಎಂದರೆ ಕ್ಷಣಕ್ಷಣವೂ ಏರಿಳಿಯುವ ಸಂಕೇತ. ಪಟ್ಟಿ ಕಿರಿದಾದಷ್ಟೂ, ಅಳೆದ ಸಮಯ ಕಡಿಮೆಯಾದಷ್ಟೂ ಆ ಏರಿಳಿತ ಉತ್ತರದಲ್ಲಿ ಉಳಿದುಬಿಡುತ್ತದೆ. ಅಂದಾಜು ಸೂತ್ರ ಸರಳ: ಪಟ್ಟಿಯ ಅಗಲವನ್ನು ಸೆಕೆಂಡುಗಳಿಂದ ಗುಣಿಸಿ, ವರ್ಗಮೂಲ ತೆಗೆದು, 4.34ನ್ನು ಅದರಿಂದ ಭಾಗಿಸಿ. ಬರುವುದು ಡೆಸಿಬೆಲ್‌ನಲ್ಲಿ ಪ್ರಮಾಣ ವಿಚಲನೆ, ಅಂದರೆ ಅಳತೆಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಚದುರುತ್ತವೆ ಎಂಬುದು.

31.5ರ 1/3 ಪಟ್ಟಿಯ ಅಗಲ 7.3 ಹರ್ಟ್ಜ್. ಒಂದು ಸೆಕೆಂಡು ಅಳೆದರೆ ವಿಚಲನೆ 1.6 ಡೆಸಿಬೆಲ್, ಅಂದರೆ ಎರಡು ಬಾರಿ ಅಳೆದಾಗ ಮೂರು ಡೆಸಿಬೆಲ್ ವ್ಯತ್ಯಾಸ ಬಂದರೂ ಭವನ ಬದಲಾಗಿದೆ ಎಂದರ್ಥವಲ್ಲ. ಮೂವತ್ತು ಸೆಕೆಂಡು ಅಳೆದರೆ 0.3ಕ್ಕೆ ಇಳಿಯುತ್ತದೆ. 1000ದ ಆಕ್ಟೇವ್ ಪಟ್ಟಿಯಲ್ಲಾದರೆ ಒಂದೇ ಸೆಕೆಂಡಿಗೆ 0.16.

ಕಡಲತೀರ

ಅಡ್ಡ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಮೊಬೈಲ್‌ನಲ್ಲಿ ಯಾವ ಕೋಣೆಯಲ್ಲಿ ಅಳೆದರೂ ನಕ್ಷೆ ಬಲಕ್ಕೆ ಏರುತ್ತಲೇ ಹೋಗುತ್ತದೆ. ಸ್ಪೀಕರ್ ಅಷ್ಟು ತೀಕ್ಷ್ಣವಾಗಿಯೇನೂ ಕೇಳಿಸುವುದಿಲ್ಲ.

ಬೈಟ್‌ಬಳ್ಳಿ

ವೈಟ್ ನಾಯ್ಸ್ ಹಾಕಿದ್ದೀರಿ. ಅದರಲ್ಲಿ ಪ್ರತಿ ಹರ್ಟ್ಜ್‌ಗೂ ಸಮಾನ ಶಕ್ತಿ. ಮೇಲಿನ ಪಟ್ಟಿ ಕೆಳಗಿನದರ ಎರಡರಷ್ಟು ಅಗಲ, ಆದ್ದರಿಂದ ಆಕ್ಟೇವ್‌ಗೆ 3 ಡೆಸಿಬೆಲ್ ಏರುತ್ತದೆ. 500ರಿಂದ 4000ಕ್ಕೆ ಮೂರು ಆಕ್ಟೇವ್, ಒಟ್ಟು 9 ಡೆಸಿಬೆಲ್. ಪಿಂಕ್ ನಾಯ್ಸ್ ಹಾಕಿ, ಅದರಲ್ಲಿ ಪ್ರತಿ ಆಕ್ಟೇವ್‌ಗೂ ಸಮಾನ ಶಕ್ತಿ, ಏರಿಕೆ ಹೋಗುತ್ತದೆ.

ಧ್ವನಿವರ್ಧಕ_ಕುಂದಾಪುರ

ಇಷ್ಟೆಲ್ಲ ಲೆಕ್ಕ ಏಕೆ ಎಂದು ನನಗೆ ಅರ್ಥವಾಗುತ್ತಿಲ್ಲ. ಕರಾವಳಿಯ ಎಷ್ಟೋ ಭವನಗಳಲ್ಲಿ ಮೈಕ್ ಹಾಕಿದ್ದೇನೆ. ಇಂಥ ಕಡೆ 31 ಪಟ್ಟಿಯ ಗ್ರಾಫಿಕ್ ಈಕ್ವಲೈಜರ್‌ನಲ್ಲಿ 200ರಿಂದ 500ರವರೆಗಿನ ಗುಂಡಿಗಳನ್ನು ಐದಾರು ಡೆಸಿಬೆಲ್ ಇಳಿಸಿ, 2500ರ ಸುತ್ತ ಸ್ವಲ್ಪ ಏರಿಸಿದರೆ ಮಾತು ಬಿಡಿಸಿಕೊಂಡು ಬರುತ್ತದೆ. ಗೋಡೆಗೆ ಹಣ ಸುರಿಯುವುದಕ್ಕಿಂತ ಒಬ್ಬ ಒಳ್ಳೆಯ ಮೈಕ್‌ನವರನ್ನು ಕರೆಯಿರಿ.

ಮಸ್ಕತ್_ಕನ್ನಡಿಗ

ಅಣ್ಣ, ನಿಮ್ಮ ಅನುಭವಕ್ಕೆ ಗೌರವವಿದೆ, ಆದರೆ ಇಲ್ಲಿ ಒಪ್ಪಲಾರೆ. ಈಕ್ವಲೈಜರ್ ಒಂದು ಪಟ್ಟಿಯ ಮಟ್ಟವನ್ನು ಇಳಿಸುತ್ತದೆ, ಆ ಪಟ್ಟಿಯ ಸದ್ದು ಕೋಣೆಯಲ್ಲಿ ಸುಳಿದಾಡುವ ಸಮಯವನ್ನು ಇಳಿಸುವುದಿಲ್ಲ. 250ರಲ್ಲಿ 6 ಡೆಸಿಬೆಲ್ ಇಳಿಸಿದರೂ ಅಲ್ಲಿಯ ಅನುರಣನ 2.7 ಸೆಕೆಂಡೇ. ಅರ್ಥಧಾರಿ ಸೆಕೆಂಡಿಗೆ ನಾಲ್ಕೈದು ಅಕ್ಷರ ಆಡುತ್ತಾರೆ. ಒಂದು ಅಕ್ಷರದ ಬಾಲ ಮುಂದಿನ ಹತ್ತು ಅಕ್ಷರಗಳ ಮೇಲೆ ಬಿದ್ದಿರುತ್ತದೆ.

ಇನ್ನೊಂದು ಲೆಕ್ಕ. ನೇರ ಧ್ವನಿ ಮತ್ತು ಅನುರಣನ ಸಮವಾಗುವ ದೂರಕ್ಕೆ ಸೂತ್ರವಿದೆ: ಘನ ಅಳತೆಯನ್ನು ಅನುರಣನ ಸಮಯದಿಂದ ಭಾಗಿಸಿ, ವರ್ಗಮೂಲ ತೆಗೆದು, 0.057ರಿಂದ ಗುಣಿಸುವುದು. ಈ ಭವನ 1728 ಘನ ಮೀಟರ್, 500ರಲ್ಲಿ 2.4 ಸೆಕೆಂಡು. ಉತ್ತರ ಒಂದೂವರೆ ಮೀಟರ್. ಎಲ್ಲ ದಿಕ್ಕಿಗೂ ಸಮನಾಗಿ ಹರಡುವ ಮೂಲಕ್ಕೆ ಇದು. ಬಾಯಿ ಮುಂದಕ್ಕೆ ಹೆಚ್ಚು ಕಳುಹಿಸುವುದರಿಂದ ಎರಡೂವರೆ ಮೀಟರ್ ಎನ್ನಿ. ಅದರಾಚೆ ಕುಳಿತವರಿಗೆ ಅರ್ಥಧಾರಿಗಿಂತ ಗೋಡೆಯೇ ಹೆಚ್ಚು ಕೇಳಿಸುತ್ತದೆ. ನಾಲ್ಕನೇ ಸಾಲಿನಿಂದ ಮಾತು ತಿಳಿಯುವುದಿಲ್ಲ ಎಂದು ಕಾರ್ಯದರ್ಶಿಗಳು ಬರೆದದ್ದು ಇದೇ.

ಧ್ವನಿವರ್ಧಕ_ಕುಂದಾಪುರ

ಬಾಲದ ಮಾತು ಸರಿ, ಒಪ್ಪುತ್ತೇನೆ. ಆದರೆ ನಿಮ್ಮ ಸೂತ್ರವೇ ನನ್ನ ಪರವಾಗಿಯೂ ಇದೆ. ಧ್ವನಿಯನ್ನು ಒಂದೇ ದಿಕ್ಕಿಗೆ ಕಳುಹಿಸುವ ಕಾಲಂ ಸ್ಪೀಕರ್ ಹಾಕಿ ಜನರ ಕಡೆಗೆ ಬಾಗಿಸಿದರೆ ಆ ದೂರ ಹೆಚ್ಚುತ್ತದೆ. ಭವನದ ಮಧ್ಯದಲ್ಲಿ ಇನ್ನೊಂದು ಜೋಡಿ ಇಟ್ಟು ಅದರ ಧ್ವನಿ ಹೊರಡುವ ತಡ (ಡಿಲೇ) ಹೊಂದಿಸಿದರೆ ಹಿಂದಿನವರಿಗೂ ಹತ್ತಿರದ ಧ್ವನಿ ಸಿಗುತ್ತದೆ. ಮಾತನಾಡದ ಅರ್ಥಧಾರಿಗಳ ಮೈಕ್ ತಗ್ಗಿಸಿಟ್ಟರೆ ಇನ್ನಷ್ಟು ಲಾಭ. ಐದು ಮೈಕ್ ಒಟ್ಟಿಗೆ ತೆರೆದಿಟ್ಟು ಕೂರುವವರನ್ನು ಎಲ್ಲ ಕಡೆ ನೋಡುತ್ತೇನೆ, ಹೊಟ್ಟೆ ಉರಿಯುತ್ತದೆ.

ಮಸ್ಕತ್_ಕನ್ನಡಿಗ

ಇದನ್ನು ಪೂರ್ತಿ ಒಪ್ಪುತ್ತೇನೆ. ಸ್ಪೀಕರ್ ಇಡುವ ಜಾಗ ಮೊದಲು, ಈಕ್ವಲೈಜರ್ ಕೊನೆಗೆ.

ಪಕ್ಕದಮನೆ

ಭವನದ ಒಳಗಿನವರ ಕಷ್ಟ ಆಯಿತು, ಹೊರಗಿನವರದು? ನಮ್ಮ ಮನೆಯ ಪಕ್ಕದ ಮಂಟಪದ ಜನರೇಟರ್ ರಾತ್ರಿಯಿಡೀ ಎದೆಯಲ್ಲಿ ಗುಂಯ್‌ಗುಡುತ್ತದೆ. ದೂರು ಕೊಟ್ಟರೆ ಅಳೆದು ನೋಡಿ ಮಿತಿಯೊಳಗಿದೆ ಎನ್ನುತ್ತಾರೆ.

ಮೈಸೂರು_ಮೇಷ್ಟ್ರು

ಅವರು ಅಳೆದದ್ದು ಎ-ತೂಕದ ಡೆಸಿಬೆಲ್, ಅಂದರೆ ಕಿವಿಗೆ ಕಡಿಮೆ ಕೇಳಿಸುವ ಕೆಳ ಆವೃತ್ತಿಗಳನ್ನು ತಗ್ಗಿಸಿ ಎಣಿಸುವ ಅಳತೆ. ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ದ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರ ನಂತರ 45, ಎರಡೂ ಎ-ತೂಕದಲ್ಲಿ. ಎ-ತೂಕ 63 ಹರ್ಟ್ಜ್‌ನ ಪಟ್ಟಿಯಿಂದ 26.2 ಡೆಸಿಬೆಲ್ ಕಳೆಯುತ್ತದೆ, 125ರಿಂದ 16.1, 250ರಿಂದ 8.6. ನಿಮ್ಮ ಕಿಟಕಿಯ ಬಳಿ 63ರ ಪಟ್ಟಿಯಲ್ಲಿ 70 ಡೆಸಿಬೆಲ್ ಇದ್ದರೂ ಎ-ತೂಕದಲ್ಲಿ ಅದು 43.8 ಆಗಿ ರಾತ್ರಿಯ ಮಿತಿಯ ಕೆಳಗೆ ನುಸುಳುತ್ತದೆ. ನಿಮಿಷಕ್ಕೆ 1500 ಸುತ್ತಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ ಸೆಕೆಂಡಿಗೆ 50 ಬಾರಿ ಉರಿಯುತ್ತದೆ, ಆ 50 ಹರ್ಟ್ಜ್ ಬೀಳುವುದು ಇದೇ 63ರ ಪಟ್ಟಿಯಲ್ಲಿ. ದೂರಿನ ಜೊತೆಗೆ ಆಕ್ಟೇವ್ ಪಟ್ಟಿಗಳ ಅಳತೆಯನ್ನೂ ಲಗತ್ತಿಸಿ. ಒಂದೇ ಸಂಖ್ಯೆ ಮುಚ್ಚಿಡುವುದನ್ನು ಪಟ್ಟಿಗಳು ಬಿಚ್ಚಿ ತೋರಿಸುತ್ತವೆ.

ಪಕ್ಕದಮನೆ

ಇದನ್ನು ಯಾರೂ ಇಷ್ಟು ದಿನ ಹೇಳಿರಲಿಲ್ಲ. ಧನ್ಯವಾದ ಮೇಷ್ಟ್ರೇ.

ಸಭಾಭವನ_ಕಾರ್ಯದರ್ಶಿ

ಮೇಷ್ಟ್ರೇ, ನಮ್ಮ ಭವನದ ಹಿಂದೆಯೂ ಜನರೇಟರ್ ಇದೆ. ಬಲೂನ್ ಒಡೆದ ದಿನ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. 63ರ ಗೊಂದಲಕ್ಕೆ ಅದೇ ಕಾರಣವೇ?

ಮಸ್ಕತ್_ಕನ್ನಡಿಗ

ಅದೂ ಹೌದು, ಬಲೂನೂ ಹೌದು. ಬಲೂನಿನ ಸದ್ದಿನಲ್ಲಿ ಕೆಳ ಆವೃತ್ತಿಯ ಶಕ್ತಿ ತೀರಾ ಕಡಿಮೆ. ಅನುರಣನ ಸಮಯವೆಂದರೆ ಸದ್ದು 60 ಡೆಸಿಬೆಲ್ ಇಳಿಯಲು ಬೇಕಾದ ಸಮಯ. ಅಷ್ಟು ಇಳಿತ ಯಾವ ಭವನದಲ್ಲೂ ಸುಲಭಕ್ಕೆ ಸಿಗದು, ಆದ್ದರಿಂದ 5ರಿಂದ 25 ಡೆಸಿಬೆಲ್‌ವರೆಗಿನ ಇಳಿತ ನೋಡಿ ಮೂರರಿಂದ ಗುಣಿಸುತ್ತಾರೆ. ಅದಕ್ಕೂ ಸದ್ದು ಹಿನ್ನೆಲೆಗಿಂತ ಕನಿಷ್ಠ 35 ಡೆಸಿಬೆಲ್ ಮೇಲಿರಬೇಕು. ಜನರೇಟರ್ ಓಡುತ್ತಿರುವಾಗ 63ರ ಪಟ್ಟಿಯಲ್ಲಿ ಬಲೂನ್ ಅಷ್ಟು ಎತ್ತರಕ್ಕೆ ಏರುವುದಿಲ್ಲ. ತಂತ್ರಾಂಶ ಜನರೇಟರ್‌ನ ಗುಂಯ್‌ಗುಡುವಿಕೆಯನ್ನೇ ಇಳಿತದ ಬಾಲವೆಂದು ತಿಳಿದು 6 ಸೆಕೆಂಡು ಹೇಳಿದೆ. ಆ ಸಂಖ್ಯೆಯನ್ನು ಬಿಟ್ಟುಬಿಡಿ. ಸಬ್‌ವೂಫರ್ ಇರುವ ಸ್ಪೀಕರ್‌ನಲ್ಲಿ ನಿಧಾನವಾಗಿ ಏರುವ ಸೈನ್ ಸ್ವೀಪ್ (ಕೆಳಗಿನ ಆವೃತ್ತಿಯಿಂದ ಮೇಲಕ್ಕೆ ಸರಿಯುವ ಒಂಟಿ ಸ್ವರ) ಹಾಕಿ ಅಳೆದರೆ ಆ ಪಟ್ಟಿಯೂ ಸಿಗುತ್ತದೆ.

ಬೈಟ್‌ಬಳ್ಳಿ

ಮೊಬೈಲ್ ಮೈಕ್ ಬಗ್ಗೆ ಎಚ್ಚರಿಕೆ. ಎಷ್ಟೋ ಮೊಬೈಲ್‌ಗಳು ಸದ್ದು ತಗ್ಗಿದಾಗ ತಾವಾಗಿಯೇ ಧ್ವನಿಯ ಮಟ್ಟ ಏರಿಸುತ್ತವೆ. ಇಳಿಯುತ್ತಿರುವ ಬಾಲವನ್ನೇ ಎತ್ತಿ ಹಿಡಿದರೆ ಅನುರಣನ ಇರುವುದಕ್ಕಿಂತ ಉದ್ದವಾಗಿ ಕಾಣುತ್ತದೆ. ಆ್ಯಪ್‌ನಲ್ಲಿ ಸಂಸ್ಕರಿಸದ ಧ್ವನಿ ಎಂಬ ಆಯ್ಕೆ ಇದ್ದರೆ ಅದನ್ನೇ ಹಾಕಿ. ಇಲ್ಲವಾದರೆ ಯುಎಸ್‌ಬಿ ಅಳತೆ ಮೈಕ್ ಎರವಲು ತನ್ನಿ.

ಹಾರ್ಮೋನಿಯಂ_ಹುಬ್ಬಳ್ಳಿ

ವಿಷಯ ಬಿಟ್ಟು ಒಂದು ಪ್ರಶ್ನೆ. ವಿಜಯಪುರದ ಗೋಲಗುಮ್ಮಟದಲ್ಲಿ ಹೀಗೆ ಅಳೆದರೆ ಎಷ್ಟು ಬರಬಹುದು?

ಮೈಸೂರು_ಮೇಷ್ಟ್ರು

ಅಲ್ಲಿ ಈ ಲೆಕ್ಕ ನೇರವಾಗಿ ನಡೆಯುವುದಿಲ್ಲ. ಸದ್ದು ಕೋಣೆಯಲ್ಲಿ ಎಲ್ಲ ದಿಕ್ಕಿಗೂ ಸಮವಾಗಿ ಹರಡಿದೆ ಎಂಬ ಊಹೆಯ ಮೇಲೆ ಸೂತ್ರ ನಿಂತಿದೆ. ಗುಮ್ಮಟ ಸದ್ದನ್ನು ಒಂದೆಡೆ ಕೂಡಿಸಿ ಮತ್ತೆ ಮತ್ತೆ ಮರಳಿಸುತ್ತದೆ. ಇಳಿತ ನೇರ ಗೆರೆಯಾಗಿ ಬರದೆ ಬಿಡಿಬಿಡಿ ಪ್ರತಿಧ್ವನಿಗಳ ಮೆಟ್ಟಿಲಾಗಿ ಬರುತ್ತದೆ. ಅಂಥ ಇಳಿತಕ್ಕೆ ಒಂದು ಗೆರೆ ಎಳೆದು ಇಷ್ಟು ಸೆಕೆಂಡು ಎನ್ನುವುದು ಕಟ್ಟಡಕ್ಕೆ ಮಾಡುವ ಅನ್ಯಾಯ.

ಮದ್ದಳೆಗಾರ

ನಾನು ಮದ್ದಳೆ ನುಡಿಸುವವನು. ಮದ್ದಳೆಯ ನಾದವನ್ನು 1/3 ಆಕ್ಟೇವ್‌ನಲ್ಲಿ ನೋಡಿದೆ. ನಾಲ್ಕೈದು ಕಂಬಗಳು ಎದ್ದು ನಿಲ್ಲುತ್ತವೆ, ಅಷ್ಟೇ. ಶ್ರುತಿ ಸೇರಿದ ಮದ್ದಳೆಗೂ ಸೇರದ ಮದ್ದಳೆಗೂ ನಕ್ಷೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಕಿವಿಗೆ ಅಷ್ಟು ಸ್ಪಷ್ಟವಾದದ್ದು ಯಂತ್ರಕ್ಕೆ ಏಕೆ ಕಾಣಬಾರದು?

ಮೈಸೂರು_ಮೇಷ್ಟ್ರು

ಆ ಕೆಲಸಕ್ಕೆ ಪಟ್ಟಿಗಳು ಸಲ್ಲುವುದಿಲ್ಲ. ಕರಣೆ (ನಡುವಿನ ಕಪ್ಪು ಲೇಪ) ಹಾಕಿದ ಚರ್ಮದ ವಾದ್ಯಗಳ ಮೇಲುನಾದಗಳು ಮೂಲನಾದದ ಎರಡು, ಮೂರು, ನಾಲ್ಕು, ಐದರಷ್ಟು ಆವೃತ್ತಿಗಳಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ ಎಂದು ಸಿ.ವಿ. ರಾಮನ್ 1920ರಲ್ಲೇ ತೋರಿಸಿದ್ದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದರ ಬಗ್ಗೆ ವಿಸ್ತಾರವಾಗಿ ಬರೆದರು. ಮೂಲನಾದ 150 ಹರ್ಟ್ಜ್ ಎಂದುಕೊಂಡರೆ 150, 300, 450, 600, 750 ಬರಬೇಕು. 1/3 ನಕ್ಷೆಯಲ್ಲಿ 600ರ ನಾದ 562ರಿಂದ 708ರವರೆಗಿನ ಪಟ್ಟಿಯಲ್ಲಿ ಎಲ್ಲಿ ಬಿದ್ದರೂ ಕಂಬ ಒಂದೇ ಎತ್ತರ. ಶ್ರುತಿ ತಪ್ಪಿ 580 ಆದರೂ ನಕ್ಷೆ ಕದಲುವುದಿಲ್ಲ. ಆಕ್ಟೇವ್ ನಕ್ಷೆಯಲ್ಲಂತೂ 450 ಮತ್ತು 600 ಎರಡೂ ಒಂದೇ ಕಂಬದೊಳಗೆ. ನಿಮಗೆ ಬೇಕಾದದ್ದು ಬೈಟ್‌ಬಳ್ಳಿ ಹೇಳಿದ ಎಫ್‌ಎಫ್‌ಟಿಯ ಸಣ್ಣ ಗೆರೆಗಳು.

ಪಟ್ಟಿಗಳಿರುವುದು ಕೋಣೆ, ಗದ್ದಲ, ಹೀರಿಕೆ ಇವುಗಳ ಲೆಕ್ಕಕ್ಕೆ. ವಸ್ತುಗಳ ಹೀರಿಕೆಯ ಕೋಷ್ಟಕಗಳು ಆಕ್ಟೇವ್‌ನಲ್ಲೇ ಸಿಗುತ್ತವೆ. ಅದಕ್ಕೇ ಕಾರ್ಯದರ್ಶಿಗಳಿಗೆ ಸಮಿತಿಯ ಮುಂದೆ ಆಕ್ಟೇವ್‌ನಲ್ಲಿ ಅಳೆದ ಅನುರಣನವನ್ನೇ ಇಡಿ ಎನ್ನುತ್ತೇನೆ, ಮಟ್ಟದ ನಕ್ಷೆಯನ್ನಲ್ಲ.

ಮದ್ದಳೆಗಾರ

ಈಗ ಅರ್ಥವಾಯಿತು. ಇನ್ನೊಂದು ಮಾತು ಸೇರಿಸುತ್ತೇನೆ. ಚೆಂಡೆ ಬಯಲಿಗಾಗಿ ಹುಟ್ಟಿದ ವಾದ್ಯ. ಬಯಲಾಟದಲ್ಲಿ ಸದ್ದು ಹೋದರೆ ಹೋಯಿತು, ಮರಳಿ ಬರುವುದಿಲ್ಲ. ಅದನ್ನೇ ಆರ್‌ಸಿಸಿ ಕೆಳಗೆ ಬಾರಿಸಿದರೆ ಹಾಡುವ ಭಾಗವತರ ಪದ ಮುಳುಗಿಹೋಗುತ್ತದೆ. ಭವನ ಕಟ್ಟುವವರು ಮೊದಲೇ ಇದನ್ನು ಯೋಚಿಸಬೇಕು.

ತುಲಸೀಕಟ್ಟೆ

ಸಣ್ಣ ತಿದ್ದುಪಡಿ. 1000ದ ಆಕ್ಟೇವ್ 707ರಿಂದ 1414 ಎಂದು ನಾವು ಕಲಿತದ್ದು. ಮೇಷ್ಟ್ರು 708 ಎಂದು ಬರೆಯುತ್ತಿದ್ದಾರೆ.

ಮೈಸೂರು_ಮೇಷ್ಟ್ರು

ಎರಡರ ಘಾತದಲ್ಲಿ ಲೆಕ್ಕ ಹಾಕಿದರೆ ನಿಮ್ಮದು ಸರಿ. ಇಂಥ ಪಟ್ಟಿಗಳ ಅಂತರರಾಷ್ಟ್ರೀಯ ಮಾನಕವಾದ ಐಇಸಿ 61260ರ 2014ರ ಆವೃತ್ತಿ ಹತ್ತರ ಘಾತವನ್ನು ಹಿಡಿಯುತ್ತದೆ: ಆಕ್ಟೇವ್ ಅನುಪಾತ 2 ಅಲ್ಲ, 1.9953. ಹಾಗಾಗಿ 708ರಿಂದ 1413. ನಾವು 125 ಎಂದು ಕರೆಯುವ ಪಟ್ಟಿಯ ನಿಜವಾದ ನಡು 125.9, 31.5 ಎನ್ನುವುದು 31.6. ಭವನದ ಲೆಕ್ಕಕ್ಕೆ ಇದರಿಂದ ಏನೂ ಬದಲಾಗದು. ಫಿಲ್ಟರ್ ಬರೆಯುವವರಿಗೆ ಬೇಕು.

ತಗಡಿನಮಾಡು

ನಮ್ಮ ಊರಿನ ಭವನಕ್ಕೆ ತಗಡಿನ ಮಾಡು. ವಿಚಿತ್ರವೆಂದರೆ ಅಲ್ಲಿ 125ರಲ್ಲಿ ಅನುರಣನ 500ಕ್ಕಿಂತ ಕಡಿಮೆ. ಇವರದು ಉಲ್ಟಾ.

ಮಸ್ಕತ್_ಕನ್ನಡಿಗ

ವಿಚಿತ್ರವಲ್ಲ. ತೆಳುವಾದ ತಗಡು ಕೆಳ ಆವೃತ್ತಿಗೆ ತಾನೇ ಕಂಪಿಸಿ ಶಕ್ತಿ ಕಳೆಯುತ್ತದೆ, ಒಂದಷ್ಟನ್ನು ಹೊರಗೂ ಬಿಡುತ್ತದೆ. ಆರ್‌ಸಿಸಿ ಕದಲುವುದಿಲ್ಲ, ಎಲ್ಲವನ್ನೂ ವಾಪಸ್ ಕಳುಹಿಸುತ್ತದೆ.

ತಗಡಿನಮಾಡು

ಹೌದು, ಆದರೆ ಜುಲೈ ಮಳೆ ಸುರಿದರೆ ಯಾವ ಪಟ್ಟಿಯಲ್ಲೂ ಏನೂ ಕೇಳಿಸುವುದಿಲ್ಲ. ಆಗ ಭಾಗವತರು ಸುಮ್ಮನೆ ಕೂರುತ್ತಾರೆ, ಮಳೆ ನಿಂತ ಮೇಲೆ ಮುಂದುವರಿಸುತ್ತಾರೆ.

ಮಸ್ಕತ್_ಕನ್ನಡಿಗ

ಈಗ ಮುಖ್ಯ ವಿಷಯಕ್ಕೆ ಬರೋಣ, ಫೋಮ್ ಹಾಕಬೇಕೇ? ಕಾರ್ಯದರ್ಶಿಗಳ ಸಂಖ್ಯೆಗಳು ಬಹಳ ಒಳ್ಳೆಯ ಸಂಖ್ಯೆಗಳು, ಅವನ್ನೇ ಬಳಸುತ್ತೇನೆ. ಸಬೈನ್ ಸೂತ್ರ: ಒಟ್ಟು ಹೀರಿಕೆ (ಬಿದ್ದ ಸದ್ದನ್ನು ಪೂರ್ತಿ ಹೀರುವ ಎಷ್ಟು ಚದರ ಮೀಟರ್‌ಗೆ ಸಮ ಎಂಬುದು) ಎಂದರೆ ಘನ ಅಳತೆಯ 0.161ರಷ್ಟನ್ನು ಅನುರಣನ ಸಮಯದಿಂದ ಭಾಗಿಸುವುದು. ಇಲ್ಲಿ 278ನ್ನು ಸೆಕೆಂಡುಗಳಿಂದ ಭಾಗಿಸಿದರೆ ಸಾಕು. ಈಗಿರುವ ಹೀರಿಕೆ 125ರಲ್ಲಿ 96 ಚದರ ಮೀಟರ್, 500ರಲ್ಲಿ 116, 2000ದಲ್ಲಿ 164.

ಒಂದು ಇಂಚಿನ ಫೋಮ್ 2000ದಲ್ಲಿ ಬಿದ್ದ ಸದ್ದಿನ 80 ಪ್ರತಿಶತದಷ್ಟು ಹೀರಬಹುದು, 125ರಲ್ಲಿ 10 ಪ್ರತಿಶತ ಹೀರಿದರೆ ಹೆಚ್ಚು. 150 ಚದರ ಮೀಟರ್ ಅಂಟಿಸಿದರೆ 2000ದಲ್ಲಿ 1.7 ಸೆಕೆಂಡು 1.0ಕ್ಕೆ ಇಳಿಯುತ್ತದೆ, 125ರಲ್ಲಿ 2.9 ಸೆಕೆಂಡು 2.5ಕ್ಕೆ ಮಾತ್ರ. ಕಾರಣ ಸರಳ: 125 ಹರ್ಟ್ಜ್‌ನ ತರಂಗದೂರ ಸುಮಾರು 2.7 ಮೀಟರ್, ಗೋಡೆಗಂಟಿದ 25 ಮಿಲಿಮೀಟರ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಇನ್ನು ಜನರನ್ನು ಸೇರಿಸಿ. ಈ ಅಳತೆ ಖಾಲಿ ಭವನದ್ದು. ಕುಳಿತ ಒಬ್ಬರು 500ರಲ್ಲಿ ಸುಮಾರು 0.45 ಚದರ ಮೀಟರ್ ಹೀರುತ್ತಾರೆ, 125ರಲ್ಲಿ ಸುಮಾರು 0.2. ಮುನ್ನೂರು ಜನ ಬಂದರೆ 500ರಲ್ಲಿ 2.4 ಸೆಕೆಂಡು ತಾನಾಗಿಯೇ 1.1 ಆಗುತ್ತದೆ. 125ರಲ್ಲಿ 1.8ರಲ್ಲೇ ನಿಲ್ಲುತ್ತದೆ. ಜನರೇ ಪುಕ್ಕಟೆಯಾಗಿ ಹೀರುವ ಪಟ್ಟಿಗಳಿಗೆ ಫೋಮ್ ಮತ್ತೆ ದುಡ್ಡು ಕೇಳುತ್ತದೆ, ಯಾರೂ ಹೀರದ ಪಟ್ಟಿಯನ್ನು ಹಾಗೆಯೇ ಬಿಡುತ್ತದೆ. ತುಂಬಿದ ಸಭೆಯಲ್ಲಿ ಸ, ಶ, ತ ಮಂಕಾಗಿ, ಗುಂಯ್ ಎನ್ನುವುದು ಉಳಿಯುತ್ತದೆ. ಕೆಳಗಿನ ಗುಂಯ್‌ಗುಡುವಿಕೆ ಮೇಲಿನ ವ್ಯಂಜನಗಳನ್ನು ಕಿವಿಯೊಳಗೇ ಮುಚ್ಚಿಹಾಕುತ್ತದೆ. ಹಣ ಹೋಗಬೇಕಾದ್ದು 125 ಮತ್ತು 250ಕ್ಕೆ.

ಸಭಾಭವನ_ಕಾರ್ಯದರ್ಶಿ

ಇದು ನನ್ನ ಕಣ್ಣು ತೆರೆಸಿತು. ಹಾಗಾದರೆ ಏನು ಹಾಕುವುದು?

ಮಸ್ಕತ್_ಕನ್ನಡಿಗ

ಗೋಡೆ ಬಿಡಿ, ಮೇಲೆ ನೋಡಿ. ನಿಮ್ಮಲ್ಲಿ 288 ಚದರ ಮೀಟರ್ ಬರಿಯ ಆರ್‌ಸಿಸಿ ಇದೆ. ಅದರಿಂದ ಒಂದಡಿಗಿಂತ ಹೆಚ್ಚು ಕೆಳಗೆ ಮಿನರಲ್ ವೂಲ್ ಹಲಗೆಗಳ ಫಾಲ್ಸ್ ಸೀಲಿಂಗ್ ತೂಗಿಸಿದರೆ ಹಿಂದಿನ ಗಾಳಿಯ ಜಾಗವೂ ದಪ್ಪದಂತೆಯೇ ಕೆಲಸ ಮಾಡುತ್ತದೆ. 125ರಲ್ಲೂ 40 ಪ್ರತಿಶತದಷ್ಟು ಹೀರಿಕೆ ಸಿಗುತ್ತದೆ. ಘನ ಅಳತೆ ಸ್ವಲ್ಪ ಇಳಿಯುವುದನ್ನು ಬಿಟ್ಟು ಲೆಕ್ಕ ಹಾಕಿದರೆ, ಖಾಲಿ ಭವನದಲ್ಲೇ 125ರಲ್ಲಿ 2.9ರಿಂದ 1.3 ಸೆಕೆಂಡಿಗೆ ಬರುತ್ತೀರಿ.

ಮದ್ದಳೆಗಾರ

ಪೂರ್ತಿ ಮುಚ್ಚಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹಾಗೆ ಮಾಡಿದ ಒಂದು ಭವನದಲ್ಲಿ ನುಡಿಸಿದ್ದೇನೆ. ಮದ್ದಳೆಯ ಗುಂಕಿ ಎದ್ದ ಜಾಗದಲ್ಲೇ ಸಾಯುತ್ತದೆ. ಭಾಗವತರಿಗೆ ತಮ್ಮ ಧ್ವನಿಯೇ ತಮಗೆ ಸಿಗದೆ ಎರಡು ಗಂಟೆಯಲ್ಲಿ ಗಂಟಲು ಕಟ್ಟುತ್ತದೆ.

ಮಸ್ಕತ್_ಕನ್ನಡಿಗ

ನ್ಯಾಯವಾದ ಮಾತು. ಪೂರ್ತಿ ಮುಚ್ಚಿದರೆ 500ರಲ್ಲಿ ಖಾಲಿ ಭವನ 0.8, ಮುನ್ನೂರು ಜನರೊಂದಿಗೆ 0.6 ಆಗುತ್ತದೆ. ಹಿಮ್ಮೇಳಕ್ಕೆ ಅದು ಒಣ. ಶೇಕಡಾ 60ರಷ್ಟು, ಅಂದರೆ 173 ಚದರ ಮೀಟರ್ ಹಾಕಿ, ವೇದಿಕೆಯ ಮೇಲಿನ ಭಾಗವನ್ನು ಗಟ್ಟಿಯಾಗಿಯೇ ಬಿಡಿ. ಜನ ತುಂಬಿದಾಗ 125ರಲ್ಲಿ 1.2, 500ರಲ್ಲಿ 0.7. ವೇದಿಕೆಯ ಮೇಲಿನ ಆರ್‌ಸಿಸಿ ಧ್ವನಿಯನ್ನು ಮುಂದಿನ ಸಾಲುಗಳಿಗೆ ತಳ್ಳುತ್ತದೆ, ಭಾಗವತರಿಗೂ ತಮ್ಮ ಧ್ವನಿ ಮರಳಿ ಸಿಗುತ್ತದೆ.

ಧ್ವನಿವರ್ಧಕ_ಕುಂದಾಪುರ

ಈ ಲೆಕ್ಕಕ್ಕೆ ನನ್ನ ಬೆಂಬಲವಿದೆ. ಹೀಗೆ ಮಾಡಿದ ಭವನದಲ್ಲಿ ನಮ್ಮ ಕೆಲಸ ಅರ್ಧ ಕಡಿಮೆ.

ಕಡಲತೀರ

ಕರಾವಳಿಯ ತೇವಕ್ಕೆ ಸಾಮಾನ್ಯ ಹಲಗೆಗಳು ಜೋತುಬೀಳುತ್ತವೆ, ಬೂಸ್ಟು ಹಿಡಿಯುತ್ತದೆ. ತೇವ ತಾಳುವ ದರ್ಜೆಯದನ್ನೇ ಕೇಳಿ, ಬರೆಸಿಕೊಳ್ಳಿ.

ತುಲಸೀಕಟ್ಟೆ

ಇದುವರೆಗೆ ಯಾರೂ ಹೇಳದ ಒಂದು ಮಾತಿದೆ, ಇಡೀ ಚರ್ಚೆಗಿಂತ ಅದು ದೊಡ್ಡದು. ಅಗ್ಗದ ಫೋಮ್ ಎಂದರೆ ಪಾಲಿಯುರೆಥೇನ್. ಅದಕ್ಕೆ ಕಿಡಿ ತಗುಲಿದರೆ ಕೆಲವೇ ನಿಮಿಷಗಳಲ್ಲಿ ಕೋಣೆ ತುಂಬ ಕಪ್ಪು ವಿಷದ ಹೊಗೆ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಒಂದು ನೈಟ್‌ಕ್ಲಬ್‌ನಲ್ಲಿ ಗೋಡೆಗೆ ಅಂಟಿಸಿದ್ದ ಇದೇ ಫೋಮ್‌ಗೆ ಪಟಾಕಿಯ ಕಿಡಿ ತಾಗಿ 100 ಜನ ಸತ್ತರು. ನಮ್ಮ ವೇದಿಕೆಗಳಲ್ಲಿ ದೀಪ ಹಚ್ಚದೆ ಯಾವ ಕಾರ್ಯಕ್ರಮವೂ ಶುರುವಾಗುವುದಿಲ್ಲ. ಮಿನರಲ್ ವೂಲ್ ಉರಿಯುವುದಿಲ್ಲ. ಸಮಿತಿಯಲ್ಲಿ ಡೆಸಿಬೆಲ್‌ಗಿಂತ ಮೊದಲು ಇದನ್ನು ಹೇಳಿ.

ಸಭಾಭವನ_ಕಾರ್ಯದರ್ಶಿ

ಖಂಡಿತ ಹೇಳುತ್ತೇನೆ, ಇದನ್ನೇ ಮೊದಲು. ಭಾನುವಾರ ಸಭೆ. ಅದಕ್ಕೆ ಮೊದಲು ಜನರೇಟರ್ ನಿಲ್ಲಿಸಿ, ಸ್ವೀಪ್ ಹಾಕಿ, ಆಕ್ಟೇವ್ ಪಟ್ಟಿಗಳಲ್ಲಿ ಮತ್ತೊಮ್ಮೆ ಅಳೆಯುತ್ತೇನೆ, ವೇದಿಕೆ, ನಡು, ಹಿಂದಿನ ಮೂಲೆ ಮೂರೂ ಕಡೆ. ಮಟ್ಟದ ನಕ್ಷೆಯ ಬದಲು ಪಟ್ಟಿವಾರು ಸೆಕೆಂಡುಗಳ ಕೋಷ್ಟಕ, ಪಕ್ಕದಲ್ಲಿ ಫೋಮ್ ಹಾಕಿದರೆ ಎಷ್ಟು, ಸೀಲಿಂಗ್ ಹಾಕಿದರೆ ಎಷ್ಟು, ಜನ ತುಂಬಿದರೆ ಎಷ್ಟು. ಪುತ್ತೂರು, ಮಂಗಳೂರು ಕಡೆಯವರು ಯಾರಲ್ಲಾದರೂ ಅಳತೆ ಮೈಕ್ ಇದೆಯೇ? ಒಂದು ದಿನಕ್ಕೆ ಸಾಕು.

ಬೈಟ್‌ಬಳ್ಳಿ

ನನ್ನ ಬಳಿ ಇದೆ, ಸುರತ್ಕಲ್‌ನಲ್ಲಿದ್ದೇನೆ. 1000 ಹರ್ಟ್ಜ್‌ನಲ್ಲಿ 94 ಡೆಸಿಬೆಲ್ ಕೊಡುವ ಕ್ಯಾಲಿಬ್ರೇಟರ್ ಕೂಡ ಇದೆ. ಅದು ಆ ಒಂದು ಆವೃತ್ತಿಯ ಮಟ್ಟವನ್ನಷ್ಟೇ ಖಚಿತಪಡಿಸುತ್ತದೆ, ಕೆಳ ಪಟ್ಟಿಗಳಿಗೆ ಮೈಕ್‌ನ ತಿದ್ದುಪಡಿ ಕಡತ ಬೇಕು, ಅದನ್ನೂ ತರುತ್ತೇನೆ. ಶನಿವಾರ ಬೆಳಿಗ್ಗೆ ಬರಬಹುದೇ?

ಸಭಾಭವನ_ಕಾರ್ಯದರ್ಶಿ

ಬನ್ನಿ. ಊಟ ನಮ್ಮಲ್ಲೇ. ಫ್ಯಾನ್‌ಗಳನ್ನು ಆರಿಸಿಟ್ಟಿರುತ್ತೇನೆ, ಹಿಂದಿನ ಬಾಗಿಲು ಮುಚ್ಚಿಸಿರುತ್ತೇನೆ.

ಮದ್ದಳೆಗಾರ

ನಾನೂ ಮದ್ದಳೆ ಹಿಡಿದು ಬರುತ್ತೇನೆ. ಸ್ವೀಪ್ ಮುಗಿದ ಮೇಲೆ ಸಣ್ಣ ಗೆರೆಗಳ ನಕ್ಷೆಯಲ್ಲಿ ಆ ಐದು ನಾದಗಳನ್ನು ನೋಡಬೇಕು.